ಮಲೆನಾಡಿನ ಮನೆ ಜಿಮ್‌ಗೆ ಹಳೇ ಕಬ್ಬಿಣ ಸಾಕು, ಮೋಟಾರ್ ಬೇಡ

1/6

ಹೊಸ ವರ್ಷದ ಹುಮ್ಮಸ್ಸಿನಲ್ಲಿ ಜನವರಿಗೆ ಮನೆಗೆ ಬರುತ್ತೆ. ಮಾರ್ಚ್ ಹೊತ್ತಿಗೆ ಅದರ ಮೇಲೆ ಟವೆಲ್ ಒಣಗ್ತಿರುತ್ತೆ. ಮೇನಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಮಾರಾಟಕ್ಕೆ ಫೋಟೋ ಬೀಳುತ್ತೆ. ಬೆಂಗಳೂರಿನ ಎಷ್ಟೋ ಮನೆಗಳ ಜಿಮ್ ಸಾಮಾನಿನ ಜಾತಕ ಇಷ್ಟೇ ಕಣ್ರೀ.

2020ರ ಮಾರ್ಚ್‌ನಲ್ಲಿ ದೇಶದ ಜಿಮ್‌ಗಳಿಗೆಲ್ಲ ಬೀಗ ಬಿತ್ತು, ಮತ್ತೆ ತೆರೆಯೋಕೆ ಅನುಮತಿ ಸಿಕ್ಕಿದ್ದು ಆಗಸ್ಟ್ 5ರಿಂದ. ಆ ನಾಲ್ಕೈದು ತಿಂಗಳಲ್ಲಿ ಜನ ಮನೆಗೇ ತರಿಸಿಕೊಂಡ ಡಂಬೆಲ್ಲು, ಬೆಂಚು, ಸೈಕಲ್ಲುಗಳು ಇನ್ನೂ ಕೈಯಿಂದ ಕೈಗೆ ಓಡಾಡ್ತಿವೆ. ಒಳ್ಳೆ ಮಾಲು ಅರ್ಧ ಬೆಲೆಗೆ ಸಿಗೋದು ಸುಳ್ಳಲ್ಲ.

ಆದರೆ ಬೆಂಗಳೂರಿನ ಫ್ಲ್ಯಾಟಿಗೆ ಅಗ್ಗವಾದದ್ದು ಸಕಲೇಶಪುರದ ಹೆಂಚಿನ ಮನೆಗೂ ಅಗ್ಗವೇ ಆಗಬೇಕು ಅಂತೇನಿಲ್ಲ. ನಮ್ಮ ಕಡೆ ವಸ್ತುವಿನ ನಿಜವಾದ ಬೆಲೆ ಕಟ್ಟೋದು ಮೂರು: ಮಳೆ, ಕರೆಂಟು, ಸಾಗಣೆ. ಮಾರುವವರು ಹೇಳೋ ಬೆಲೆಯಲ್ಲಿ ಈ ಮೂರೂ ಇರೋದಿಲ್ಲ. ಆಮೇಲೆ ನಮ್ಮ ಜೇಬಿಂದ ಹೋಗುತ್ತೆ.

ನನ್ನ ಮಾತು ಇಷ್ಟು: ಸಕಲೇಶಪುರ, ಆಲೂರು ಕಡೆಯವರು ಹಳೇ ಕಬ್ಬಿಣವನ್ನು ತೂಕದ ಲೆಕ್ಕದಲ್ಲಿ ತಗೊಳ್ಳಿ. ಪ್ಲಗ್ ಇರೋದನ್ನ, ಎಷ್ಟೇ ಅಗ್ಗಕ್ಕೆ ಬಂದ್ರೂ, ಬಿಟ್ಟುಬಿಡಿ. ಯಾಕೆ ಅಂತ ಮುಂದಿನ ಐದು ಪೋಸ್ಟ್‌ಗಳಲ್ಲಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

2/6

"ತೋಟ ಇದೆ, ಓಡಾಡಿದ್ರೆ ಸಾಲದಾ? ಜಿಮ್ ಯಾಕೆ?" ಈ ಪ್ರಶ್ನೆ ಬಂದೇ ಬರುತ್ತೆ.

50 ಕೆ.ಜಿ. ಕಾಫಿ ಮೂಟೆ ಹೊತ್ತು ಲಾರಿಗೆ ಹಾಕುವವರಿಗೆ ಡಂಬೆಲ್ ಬೇಕಿಲ್ಲ, ಒಪ್ಪಿದೆ. ಅವರಿಗೆ ಬೇಕಾಗಿರೋದು ವಿಶ್ರಾಂತಿ. ಆದರೆ ಇದನ್ನ ಓದ್ತಿರೋ ನಮ್ಮಲ್ಲಿ ಎಷ್ಟು ಜನ ಮೂಟೆ ಹೊರ್ತೀವಿ? ಅಂಗಡಿ, ಹೋಂಸ್ಟೇ, ಶಾಲೆ, ಲ್ಯಾಪ್‌ಟಾಪ್. ತೋಟ ಸುತ್ತೋದು ಜೀಪಲ್ಲಿ, ಇಲ್ಲಾ ಬೈಕಲ್ಲಿ.

ಡಾಕ್ಟರು "ದಿನಾ ವಾಕ್ ಮಾಡಿ" ಅಂತಾರೆ. ಯಾವಾಗ ಮಾಡೋದು ಹೇಳಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆತ್ತೂರು, ಹಾನುಬಾಳು ಕಡೆ ಕೊಡೆ ಹಿಡಿದು ಗೇಟಿನ ತನಕ ಹೋಗೋದೇ ಸಾಹಸ. ಮಳೆ ಬಿಟ್ಟ ಮೇಲೆ ಆನೆ. ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟಿದ್ದು ಇದೇ ತಾಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಅಂಥ ಆನೆಗೇ ಹಾಗಾದ ಜಾಗದಲ್ಲಿ, ಬೆಳಗಿನ ಜಾವ ಐದೂವರೆಗೆ ಕತ್ತಲಲ್ಲಿ ಇಯರ್‌ಫೋನ್ ಹಾಕ್ಕೊಂಡು ವಾಕಿಂಗ್ ಹೋಗಿ ಅಂತ ನಾನಂತೂ ಯಾರಿಗೂ ಹೇಳಲ್ಲ.

2025ರ ಜೂನ್, ಜುಲೈ ನೆನಪಿದೆಯಲ್ಲ. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವೆಲ್ಲ ಸುದ್ದಿಯಾದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಆ ಭಯ ಕೆಲವು ವಾರಕ್ಕೆ ಇಳೀತು. ಅಭ್ಯಾಸ ಮಾತ್ರ ಎಷ್ಟು ಮನೆಗಳಲ್ಲಿ ಬದಲಾಯ್ತು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಈ ಎರಡನೇ ಭಾಗ ನಮ್ಮಲ್ಲಿ ಯಾರ ಕಿವಿಗೂ ಬಿದ್ದಿಲ್ಲ. ಮನೆಯೊಳಗೆ ನಾಲ್ಕು ತುಂಡು ಕಬ್ಬಿಣ ಬೇಕಾಗೋದು ಅದಕ್ಕೇ. (ಬಿಪಿ, ಹೃದಯದ ತೊಂದರೆ, ಎದೆನೋವು ಇದ್ದವರು ಮೊದಲು ಡಾಕ್ಟರ್ ಕೇಳಿ. ಇದು ತಮಾಷೆಯಲ್ಲ.)

3/6

ಹಾಗಾದ್ರೆ ಏನು ತಗೊಳ್ಳೋದು? ಮುರಿಯೋಕೆ ಏನೂ ಇಲ್ಲದ ವಸ್ತು.

ಎರಕದ ಕಬ್ಬಿಣದ ಪ್ಲೇಟು, ಡಂಬೆಲ್ಲು, ಕೆಟಲ್‌ಬೆಲ್. ಹತ್ತು ವರ್ಷ ಹಳೆಯದಾದ್ರೂ ಹತ್ತು ಕೆ.ಜಿ. ಹತ್ತು ಕೆ.ಜಿ.ಯೇ. ಮೇಲೆ ಕೆಂಪಗೆ ತುಕ್ಕು ಹಿಡಿದಿದೆಯಾ? ಸಂತೋಷ. ಚೌಕಾಸಿಗೆ ಅದೇ ಆಧಾರ. ತಂತಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಗೇಟಿಗೆ ಹೊಡೀತೀವಲ್ಲ ಅದೇ ರೆಡ್ ಆಕ್ಸೈಡ್ ಒಂದು ಕೋಟು, ಮೇಲೊಂದು ಕಪ್ಪು ಪೇಂಟು. ಒಂದು ಭಾನುವಾರದ ಕೆಲಸ.

ಬೆಲೆ ಹೀಗೆ ನೋಡಿ. "ಸೆಟ್‌ಗೆ ಎಷ್ಟು" ಅಂತ ಕೇಳಬೇಡಿ, ಕೆ.ಜಿ.ಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. 40 ಕೆ.ಜಿ.ಗೆ 4,000 ಕೇಳಿದ್ರೆ ಕೆ.ಜಿ.ಗೆ 100. ಅದೇ ಥರದ ಹೊಸ ಮಾಲಿನ ಕೆ.ಜಿ. ದರ ಎಷ್ಟಿದೆ ಅಂತ ಆವತ್ತೇ ಆನ್‌ಲೈನ್‌ನಲ್ಲಿ ನೋಡಿ, ಗುಜರಿ ಅಂಗಡಿಯ ದರವನ್ನೂ ಕೇಳಿ. ನಿಮ್ಮ ಚೌಕಾಸಿ ಈ ಎರಡರ ಮಧ್ಯೆ. ಹೊಸದರ ಅರ್ಧಕ್ಕಿಂತ ಕೆಳಗೆ ಬಂದ್ರೆ ತಗೊಳ್ಳಿ. ಮುಕ್ಕಾಲು ಕೇಳಿದ್ರೆ ಹೊಸದನ್ನೇ ತಗೊಳ್ಳಿ, ಬಿಲ್ಲಾದ್ರೂ ಸಿಗುತ್ತೆ.

ಪ್ಲೇಟಿನ ಮೇಲೆ 10 ಅಂತ ಅಚ್ಚಾಗಿದ್ದರೂ ತೂಗಿ ನೋಡಿ. ಕಾಫಿ ಹಣ್ಣನ್ನ ಗ್ರಾಂ ಬಿಡದೆ ತೂಗೋ ಊರಿನವರು ನಾವು, ಇಲ್ಲಿ ನಾಚಿಕೆ ಯಾಕೆ? ಕೊಕ್ಕೆಗೆ ನೇತುಹಾಕಿ ತೂಗೋ ಸಣ್ಣ ಸ್ಕೇಲ್ ಜೊತೆಗಿಟ್ಟುಕೊಂಡು ಹೋಗಿ.

ಮೂರು ಪರೀಕ್ಷೆ ಮರೀಬೇಡಿ:
• ರಾಡನ್ನ ನೆಲದ ಮೇಲೆ ಉರುಳಿಸಿ. ಕುಣಿದ್ರೆ ಬಗ್ಗಿದೆ ಅಂತ ಅರ್ಥ.
• ಪ್ಲೇಟಿನ ತೂತು, ರಾಡಿನ ದಪ್ಪ ಎರಡನ್ನೂ ಅಳೀರಿ. ಮನೆ ಸೆಟ್‌ಗಳ ರಾಡು ಸುಮಾರು ಒಂದಿಂಚು, ಒಲಿಂಪಿಕ್ ಪ್ಲೇಟಿನ ತೂತು 50 ಮಿ.ಮೀ. ಒಂದಕ್ಕೊಂದು ಸೇರಲ್ಲ.
• ಬೆಂಚಿನ ವೆಲ್ಡಿಂಗ್ ನೋಡಿ. ಕೂತು ಅಲ್ಲಾಡಿಸಿ. ಕುಶನ್ ಹರಿದಿದ್ರೆ ಪರವಾಗಿಲ್ಲ, ಬೈಕ್ ಸೀಟ್ ಹೊಲಿಯುವವರು ಹೊಲೀತಾರೆ. ವೆಲ್ಡಿಂಗ್ ಹತ್ರ ಬಿರುಕಿದ್ರೆ, ತುಕ್ಕು ಪೈಪನ್ನೇ ತಿಂದಿದ್ರೆ, ಪುಕ್ಕಟೆ ಕೊಟ್ರೂ ಬೇಡ. ಅದರ ಮೇಲೆ ಮಲಗೋದು ನೀವು, ಎದೆ ಮೇಲೆ ಇರೋದು ಕಬ್ಬಿಣ.

4/6

ಈಗ ಬಿಡಬೇಕಾದ್ದು. ಇಲ್ಲಿ ಜಗಳ ಬರುತ್ತೆ ಅಂತ ಗೊತ್ತು.

ಟ್ರೆಡ್‌ಮಿಲ್. "ಮಳೆಗಾಲದಲ್ಲಿ ಹೊರಗೆ ನಡೆಯೋಕಾಗಲ್ಲ ಅಂತ ನೀವೇ ಹೇಳಿದ್ರಲ್ಲ, ಟ್ರೆಡ್‌ಮಿಲ್ ಇರೋದೇ ಅದಕ್ಕಲ್ವಾ?" ನ್ಯಾಯವಾದ ಪ್ರಶ್ನೆ. ಆದರೆ ಮಳೆ ಜೋರಾದಾಗಲೇ ಅಲ್ವಾ ನಮ್ಮಲ್ಲಿ ಮರ ಬಿದ್ದು ಲೈನ್ ಹೋಗೋದು? ಬೇಕಾದ ದಿನ ಓಡಲ್ಲ, ಬೇಡವಾದ ದಿನ ಓಡುತ್ತೆ. ವೋಲ್ಟೇಜ್ ಏರಿಳಿತ, ಆಷಾಢದ ತೇವ, ಒಳಗೆ ಸೇರೋ ಇರುವೆ, ವೈರ್ ಕಡಿಯೋ ಇಲಿ ಎಲ್ಲವೂ ಅದರ ಸರ್ಕ್ಯೂಟ್ ಬೋರ್ಡಿಗೆ ಶತ್ರು. ಬೋರ್ಡ್ ಹೋದ್ರೆ ಹಳೇ ಮಾಡೆಲ್‌ಗೆ ಸ್ಪೇರ್ ಸಿಗೋದು ಕಷ್ಟ. ರಿಪೇರಿಯವರು ಹಾಸನದಿಂದಲೋ ಮಂಗಳೂರಿಂದಲೋ ಬರಬೇಕು. ಬಂದು ಹೋಗೋ ಖರ್ಚು ಸೇರಿಸಿದ್ರೆ ಉಳಿಸಿದ ದುಡ್ಡು ಕರಗಿಹೋಯ್ತು.

ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರೋ ಎಚ್‌ಪಿ ನಂಬಬೇಡಿ. ಅದು ಬಹಳ ಸಲ ಪೀಕ್ ಎಚ್‌ಪಿ, ಅಂದ್ರೆ ಮೋಟಾರ್ ಅರೆಗಳಿಗೆ ಕೊಡಬಹುದಾದ ಶಕ್ತಿ. ನಿರಂತರ ಓಟದ ಲೆಕ್ಕ ಅದಕ್ಕಿಂತ ಕಡಿಮೆ.

ಮಳೆಗಾಲದ ನಡಿಗೆಗೆ ಜಗಲಿ ಇದೆ. ಇಪ್ಪತ್ತು ಹೆಜ್ಜೆ ಆ ಕಡೆ, ಇಪ್ಪತ್ತು ಈ ಕಡೆ. ಬೇಜಾರಾದ್ರೆ ಒಂದೇ ಮೆಟ್ಟಿಲು ಹತ್ತಿ ಇಳೀತಾ ಇರಿ, ಹತ್ತು ನಿಮಿಷದಲ್ಲಿ ಬೆವರುತ್ತೆ. ಜಗಲಿಗೆ ಸರ್ವೀಸ್ ಬೇಕಿಲ್ಲ.

ಇನ್ನೂ ಬೇಡವಾದವು:
• ರಬ್ಬರ್ ಬ್ಯಾಂಡ್. ಹಳೇ ರಬ್ಬರ್ ಯಾವಾಗ ಕಿತ್ತು ಮುಖಕ್ಕೆ ಹೊಡೆಯುತ್ತೋ ಹೇಳೋಕಾಗಲ್ಲ. ಇದೊಂದನ್ನ ಹೊಸದೇ ತಗೊಳ್ಳಿ.
• ಪ್ಲಾಸ್ಟಿಕ್ ಒಳಗೆ ಸಿಮೆಂಟು ತುಂಬಿದ ಪ್ಲೇಟು. ನೋಡೋಕೆ ದೊಡ್ಡದು. ಬಿರುಕು ಬಿಟ್ರೆ ಮನೆ ತುಂಬ ಪುಡಿ.
• ಕೇಬಲ್ ಎಳೆಗಳು ಬಿಚ್ಚಿರೋ ಮಲ್ಟಿ ಜಿಮ್.

ಒಂದಕ್ಕೆ ಮಾತ್ರ ವಿನಾಯಿತಿ: ಪ್ಲಗ್ ಬೇಡದ ಎಕ್ಸರ್‌ಸೈಜ್ ಸೈಕಲ್. ಮಂಡಿನೋವಿನವರಿಗೆ ಒಳ್ಳೇದು. ಹತ್ತು ನಿಮಿಷ ತುಳಿದು ನೋಡಿ, ಬೇರಿಂಗ್ ಕಿರ್ ಅಂದ್ರೆ, ಪೆಡಲ್ ಕಡ್ಡಿ ಅಲ್ಲಾಡಿದ್ರೆ ಎದ್ದು ಬನ್ನಿ.

5/6

ಎಲ್ಲಿ ಹುಡುಕೋದು, ಯಾವಾಗ?

ಮೊದಲು ಹಾಸನ. ಸಕಲೇಶಪುರದಿಂದ 40 ಕಿ.ಮೀ., ಆಲೂರಿಗೆ ಇನ್ನೂ ಹತ್ತಿರ. ಆಮೇಲೆ ಚಿಕ್ಕಮಗಳೂರು. ಬೆಂಗಳೂರು ಸುಮಾರು 220 ಕಿ.ಮೀ.; 3,000 ಉಳಿಸೋಕೆ ಪಿಕಪ್ ಬಾಡಿಗೆ ಮಾಡಿಕೊಂಡು ಹೋದ್ರೆ ಉಳಿತಾಯ ನೆಲಮಂಗಲದಲ್ಲೇ ಮುಗೀತು. ಆ ಕಡೆಯಿಂದ ಹೇಗೂ ಕಾರಲ್ಲಿ ಬರ್ತಿರೋ ಅಣ್ಣನೋ ಭಾವನೋ ಇದ್ರೆ ಮಾತ್ರ ಬೆಂಗಳೂರಿನ ಮಾಲು ನೋಡಿ. ಪ್ಲೇಟುಗಳನ್ನ ಸೀಟಿನ ಕೆಳಗೆ ಹರಡಿ, ಹಗ್ಗ ಬಿಗಿದು ತರೋಕೆ ಹೇಳಿ. ಬ್ರೇಕ್ ಹಾಕಿದಾಗ ಸೀಟಿನ ಮೇಲಿರೋ ಡಂಬೆಲ್ ಗುಂಡಿನ ಥರ ಮುಂದೆ ಹಾರುತ್ತೆ. ಮಂಗಳೂರಿಂದ ತರೋದಾದ್ರೆ ಕಡಲ ಗಾಳಿಯ ತುಕ್ಕನ್ನ ಎರಡು ಸಲ ನೋಡಿ. ಶಿರಾಡಿ ಹತ್ತೋದಂತೂ ಇದ್ದೇ ಇದೆ.

ಕಾಲ: ಏಪ್ರಿಲ್, ಮೇ. ಪೇಟೆಯಲ್ಲಿ ಮನೆ ಖಾಲಿ ಮಾಡೋರಿಗೆ ಭಾರದ ಸಾಮಾನು ಸಾಗಿಸೋಕೆ ಮನಸ್ಸಿರಲ್ಲ. ನಮ್ಮಲ್ಲಿ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ದುಡ್ಡಿರುತ್ತೆ, ಮಳೆ ಇನ್ನೂ ಹಿಡಿದಿರಲ್ಲ. ಜನವರಿಯಲ್ಲಿ ಮಾತ್ರ ಹೋಗಬೇಡಿ, ಆಗ ಎಲ್ಲರೂ ಕೊಳ್ಳುವವರೇ.

ಮುಖ್ಯವಾದ್ದು: ಮೋಸ. "ನಾನು ಮಿಲಿಟರಿಯಲ್ಲಿದ್ದೀನಿ, ವರ್ಗ ಆಗಿದೆ, ಅರ್ಜೆಂಟ್ ಮಾರಬೇಕು, ಅಡ್ವಾನ್ಸ್ ಹಾಕಿ" ಅನ್ನೋದು ದೇಶವೆಲ್ಲ ಓಡಾಡಿರೋ ಹಳೇ ಕಥೆ. ಸಮವಸ್ತ್ರದ ಫೋಟೋ, ಐಡಿ ಕಾರ್ಡು ಎಲ್ಲ ಕಳಿಸ್ತಾರೆ. ವಸ್ತು ಮುಟ್ಟಿ ನೋಡದೆ ಒಂದು ರೂಪಾಯಿನೂ ಹಾಕಬೇಡಿ. ನೀವು ಮಾರುವವರಾಗಿದ್ರೆ ಇನ್ನೊಂದು ನೆನಪಿರಲಿ: ದುಡ್ಡು ಪಡೆಯೋಕೆ ಯುಪಿಐ ಪಿನ್ ಹಾಕೋದು ಬೇಕೇ ಇಲ್ಲ. "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂದ್ರೆ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತೆ. ಹಾಗೇನಾದ್ರೂ ಆದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ.

6/6

ತಂದಾಯ್ತು. ಇನ್ನು ಮಳೆಗಾಲ ದಾಟಿಸಬೇಕು.

ಕಬ್ಬಿಣವನ್ನ ಬರೀ ನೆಲದ ಮೇಲೆ, ಗೋಡೆಗೆ ಒರಗಿಸಿ ಇಡಬೇಡಿ. ಹಲಗೆ ಮೇಲಿಡಿ. ಹೊಲಿಗೆ ಮಷೀನಿನ ಎಣ್ಣೆಯಲ್ಲಿ ಬಟ್ಟೆ ಅದ್ದಿ ಹದಿನೈದು ದಿನಕ್ಕೊಮ್ಮೆ ಒರೆಸಿ, ಹಿಡಿಯೋ ಜಾಗ ಬಿಟ್ಟು. ಬಚ್ಚಲೊಲೆಯ ಪಕ್ಕದ ಬೆಚ್ಚಗಿನ ಗೋಡೆ ಬಟ್ಟೆಗಷ್ಟೇ ಅಲ್ಲ, ಡಂಬೆಲ್ಲಿಗೂ ಆಗುತ್ತೆ. ನೆಲಕ್ಕೆ ದುಬಾರಿ ಜಿಮ್ ಮ್ಯಾಟ್ ಬೇಡ, ಕೊಟ್ಟಿಗೆಗೆ ಹಾಸೋ ರಬ್ಬರ್ ಮ್ಯಾಟ್ ಸಾಕು. ಹಸುವಿನ ಭಾರ ತಡೆದದ್ದು ನಿಮ್ಮ 20 ಕೆ.ಜಿ. ತಡೆಯುತ್ತೆ. ಮರದ ಅಟ್ಟದ ಮೇಲೆ ಮಾತ್ರ ತೂಕ ಪೇರಿಸಬೇಡಿ.

ಎಷ್ಟು ಬೇಕು? ಒಂದು ಮನೆಗೆ ಎರಡು ಸಣ್ಣ ಡಂಬೆಲ್, ಎರಡು ಮಧ್ಯಮದ್ದು, ಒಂದು ಕೆಟಲ್‌ಬೆಲ್, ಕೂರೋಕೆ ಗಟ್ಟಿ ಬೆಂಚು. ಗರಡಿ ಮನೆಯಲ್ಲಿ ಒಂದು ಗದೆ, ಒಂದು ಕಲ್ಲುಗುಂಡಲ್ಲೇ ತಲೆಮಾರುಗಳು ಸಾಮು ಮಾಡಿದ್ವು. ಅಮ್ಮಂದಿರನ್ನೂ ಸೇರಿಸ್ಕೊಳ್ಳಿ. ಕೈ ಊರದೆ ಬೆಂಚಿಂದ ಹತ್ತು ಸಲ ಎದ್ದು ಕೂರೋದು, ಎರಡು ಕೆ.ಜಿ. ಹಿಡಿದು ಕೈ ಎತ್ತೋದು. ಅರವತ್ತು ದಾಟಿದವರಿಗೆ ಬಚ್ಚಲಲ್ಲಿ ಜಾರದೆ ನಿಲ್ಲೋಕೆ ಬೇಕಾದ ಬಲ ಅಲ್ಲಿಂದಲೇ ಬರೋದು. "ಈ ವಯಸ್ಸಲ್ಲಿ ನಂಗ್ಯಾಕೋ" ಅಂತಾರೆ. ಬಿಡಬೇಡಿ.

ಕೊನೆಗೆ, ಇದೊಂದು ಅಭಿಪ್ರಾಯ ಅಂತಲೇ ತಗೊಳ್ಳಿ. ನಾವು ಸಾಮಾನು ಹುಡುಕ್ಕೊಂಡು ಬೆಂಗಳೂರಿಗೆ ನೋಡೋದರ ಬದಲು ನಮ್ಮ ಊರುಗಳಲ್ಲೇ ಸುಮ್ಮನೆ ಬಿದ್ದಿರೋದನ್ನ ಹೊರಗೆ ತರಬೇಕು. ಬಾಳ್ಳುಪೇಟೆಯಿಂದ ಮಾರನಹಳ್ಳಿವರೆಗೆ ಎಷ್ಟು ಮನೆಗಳ ಮೂಲೆಯಲ್ಲಿ, ಮಗ ಕಾಲೇಜಿಗೆ ಹೋಗುವಾಗ ಬಿಟ್ಟುಹೋದ ಡಂಬೆಲ್ ಇಲ್ಲ? ಗುಜರಿಗೆ ಹಾಕಿದ್ರೆ ಸಿಗೋದು ಪುಡಿಗಾಸು. ಪಕ್ಕದ ಊರಿನವರಿಗೆ ಕೊಟ್ರೆ ನಿಮಗೂ ಸ್ವಲ್ಪ ಜಾಸ್ತಿ ಸಿಗುತ್ತೆ, ಅವರಿಗೂ ಸಾಗಣೆ ಖರ್ಚಿಲ್ಲ.

ನಿಮ್ಮನೇಲಿ ಏನಿದೆ, ಎಷ್ಟು ಕೆ.ಜಿ., ಯಾವ ಹೋಬಳಿ ಅಂತ ಕಮೆಂಟಲ್ಲಿ ಹಾಕಿ. ಬೇಕಾದವರೂ ಹಾಕಿ. ಫೋನ್ ನಂಬರ್ ಮಾತ್ರ ಕಮೆಂಟಲ್ಲಿ ಬೇಡ, ಮೆಸೇಜ್‌ನಲ್ಲಿ ಮಾತಾಡ್ಕೊಳ್ಳಿ. ಮೇ ಮುಗಿಯೋದರೊಳಗೆ ತಗೊಂಡ್ರೆ ಮೊದಲ ಮಳೆಗೆ ಮುಂಚೆ ಪೇಂಟು ಒಣಗುತ್ತೆ.

#ಸಕಲೇಶಪುರ #ಆಲೂರು #ಹಾಸನ #ಮಲೆನಾಡು #ಮನೆಜಿಮ್ #ಹಳೇಕಬ್ಬಿಣ