ಚರ್ಮದ ತೊಂದರೆಗೆ ಬಿ ಜೀವಸತ್ವ: ಯಾವ ರೂಪ, ಎಷ್ಟು ಪ್ರಮಾಣ

ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವು, ದೇಹಕ್ಕೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ, ಆದ್ದರಿಂದ ಎಷ್ಟು ತೆಗೆದುಕೊಂಡರೂ ಅಪಾಯವಿಲ್ಲ ಎಂಬ ಮಾತು ಔಷಧಿ ಅಂಗಡಿಗಳಲ್ಲೂ ಸೌಂದರ್ಯದ ಸಲಹೆ ಕೊಡುವ ವಿಡಿಯೋಗಳಲ್ಲೂ ಪ್ರಶ್ನಾತೀತ ಸತ್ಯದಂತೆ ಚಲಾವಣೆಯಲ್ಲಿದೆ. ಮೊಡವೆ, ಕಪ್ಪು ಕಲೆ, ಒಣ ಚರ್ಮ, ಕೂದಲು ಉದುರುವಿಕೆ ಎಲ್ಲಕ್ಕೂ ಬಿ ಮಾತ್ರೆಯನ್ನು ಯಾರೂ ಯಾರಿಗೂ ಸೂಚಿಸಬಹುದೆಂಬ ಧೈರ್ಯ ಈ ಮಾತಿನಿಂದಲೇ ಬಂದಿದೆ. ಅದರ ಮೊದಲ ಭಾಗ ನಿಜ. ಕೊನೆಯ ತೀರ್ಮಾನ ತಪ್ಪು. ಬಿ ಜೀವಸತ್ವವು ಕೊರತೆಯನ್ನು ತುಂಬುವಷ್ಟು ಪ್ರಮಾಣದಲ್ಲಿ ಆಹಾರದ ಭಾಗ, ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚಿದಾಗ ಔಷಧ. ಔಷಧವಾದ ಮೇಲೆ ಅದಕ್ಕೆ ರೋಗನಿರ್ಣಯ, ಮಿತಿ, ಅವಧಿ ಮೂರೂ ಬೇಕು.

ಬಿ ಎಂಬ ಒಂದೇ ಅಕ್ಷರದಡಿ ಎಂಟು ಬೇರೆ ಬೇರೆ ವಸ್ತುಗಳಿವೆ. ಇವುಗಳಲ್ಲಿ ಹಲವುಗಳ ಕೊರತೆ ಮೊದಲು ಚರ್ಮದಲ್ಲೋ ಬಾಯಿಯಲ್ಲೋ ಕಾಣಿಸಿಕೊಳ್ಳುತ್ತದೆ: ರೈಬೋಫ್ಲೇವಿನ್ ಅಂದರೆ ಬಿ2 ಕಡಿಮೆಯಾದರೆ ತುಟಿಯ ಮೂಲೆ ಒಡೆಯುತ್ತದೆ, ಬಿ6 ಕಡಿಮೆಯಾದರೆ ಮೂಗಿನ ಪಕ್ಕದಲ್ಲಿ ಹೊಟ್ಟು ಏಳುತ್ತದೆ, ಬಿ12 ಕಡಿಮೆಯಾದರೆ ಬೆರಳ ಗೆಣ್ಣುಗಳು ಕಪ್ಪಾಗುತ್ತವೆ. ಇಲ್ಲದಿದ್ದರೆ ಚರ್ಮ ಕೆಡುತ್ತದೆ ಎಂಬುದರಿಂದ ಹೆಚ್ಚಾದರೆ ಚರ್ಮ ಇನ್ನಷ್ಟು ಹೊಳೆಯುತ್ತದೆ ಎಂದು ಊಹಿಸುವುದು ಸುಲಭ. ಆದರೆ ಕೊರತೆಯೇ ಇಲ್ಲದವರಲ್ಲಿ ಈ ಊಹೆಗೆ ಬಹುತೇಕ ಯಾವ ಆಧಾರವೂ ಇಲ್ಲ.

ಬಿ3, ಅಂದರೆ ನಯಾಸಿನ್, ಈ ವಿಷಯವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್, ಮೆಕ್ಕೆಜೋಳವನ್ನೇ ನಂಬಿ ಬದುಕುತ್ತಿದ್ದ ಬಡ ರೈತರಲ್ಲಿ ಬಿಸಿಲು ಬೀಳುವ ಕಡೆ ಚರ್ಮ ಕೆಂಪಾಗಿ, ದಪ್ಪಗಾಗಿ, ಸುಲಿಯುವ ರೋಗವೊಂದನ್ನು ಗುರುತಿಸಿದ. ಕುತ್ತಿಗೆಯ ಸುತ್ತ ಹಾರದಂತೆ ಮೂಡುವ ಅದರ ಗುರುತಿಗೆ ಇಂದಿಗೂ ಅವನ ಹೆಸರಿದೆ. ಮುಂದೆ ಪೆಲಾಗ್ರ ಎಂದು ಕರೆಯಲಾದ ಈ ರೋಗ ಚರ್ಮಕ್ಕೆ ನಿಲ್ಲದೆ ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವಿನವರೆಗೂ ಒಯ್ಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಹಬ್ಬಿದಾಗ ಸೋಂಕೇ ಕಾರಣವೆಂದು ಬಹಳ ಮಂದಿ ನಂಬಿದ್ದರು. 1914ರಿಂದ ಇದರ ಬೆನ್ನು ಹತ್ತಿದ ಜೋಸೆಫ್ ಗೋಲ್ಡ್‌ಬರ್ಗರ್ ದೋಷವಿರುವುದು ಆಹಾರದಲ್ಲಿ ಎಂದು ತೋರಿಸಿದರು. 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮ್ ನಯಾಸಿನ್‌ನ ಒಂದು ರೂಪವಾದ ನಿಕೋಟಿನಿಕ್ ಆಮ್ಲವು ನಾಯಿಗಳಲ್ಲಿನ ಇದೇ ಬಗೆಯ ರೋಗವನ್ನು ಗುಣಪಡಿಸುತ್ತದೆಂದು ಕಂಡುಹಿಡಿದರು. ದಖ್ಖನಿನಲ್ಲಿ ಜೋಳವನ್ನೇ ಹೆಚ್ಚಾಗಿ ಉಣ್ಣುವ ಬಡವರಲ್ಲೂ ಪೆಲಾಗ್ರ ಕಂಡುಬಂದಾಗ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ವಾದಿಸಿದರು. ಆ ವಾದ ಎಲ್ಲರೂ ಒಪ್ಪಿದ ಸಿದ್ಧಾಂತವಾಗಿ ಉಳಿಯಲಿಲ್ಲ. ಆದರೂ ಬೇಳೆ, ಕಾಳು, ಹಾಲು ಜೊತೆಗಿಲ್ಲದ ಒಂದೇ ಧಾನ್ಯದ ಊಟ ಚರ್ಮಕ್ಕೆ ಏನು ಮಾಡಬಲ್ಲದೆಂಬ ಪ್ರಶ್ನೆಯನ್ನು ರೊಟ್ಟಿಯ ನಾಡಿನ ಓದುಗರು ಮರೆಯಬಾರದು.

ನಯಾಸಿನ್ ಎಂಬ ಹೆಸರಿನಡಿ ಎರಡು ರೂಪಗಳಿವೆ, ಗೊಂದಲ ಹುಟ್ಟುವುದು ಇಲ್ಲಿಯೇ. ಕೊರತೆಯನ್ನು ನೀಗುವಲ್ಲಿ ನಿಕೋಟಿನಿಕ್ ಆಮ್ಲ ಮತ್ತು ನಿಕೋಟಿನಮೈಡ್ ಎರಡೂ ಸಮಾನ. ಹೆಚ್ಚಿನ ಪ್ರಮಾಣದಲ್ಲಿ ಅವು ಎರಡು ಬೇರೆ ಔಷಧಗಳು. ದಿನದ ಅಗತ್ಯ ಸುಮಾರು 14ರಿಂದ 16 ಮಿಲಿಗ್ರಾಂ ಮಾತ್ರ. ನಿಕೋಟಿನಿಕ್ ಆಮ್ಲ ಇದರ ಕೆಲವು ಪಟ್ಟು ಹೆಚ್ಚಿದರೆ ಸಾಕು, ಚರ್ಮದ ಕೋಶಗಳಿಂದ ರಕ್ತನಾಳಗಳನ್ನು ಹಿಗ್ಗಿಸುವ ಪ್ರೊಸ್ಟಾಗ್ಲಾಂಡಿನ್ ಬಿಡುಗಡೆಯಾಗಿ ಮುಖ, ಕುತ್ತಿಗೆ, ಎದೆ ಕೆಂಪೇರಿ ಉರಿಯುತ್ತವೆ, ತುರಿಸುತ್ತವೆ. ಗ್ರಾಂಗಟ್ಟಲೆ ಸೇವಿಸಿದರೆ, ಅದರಲ್ಲೂ ನಿಧಾನವಾಗಿ ಕರಗುವ ಮಾತ್ರೆಯಾಗಿ ಸೇವಿಸಿದರೆ, ಯಕೃತ್ತಿಗೆ ಪೆಟ್ಟು ಬೀಳುತ್ತದೆ. ನಿಕೋಟಿನಮೈಡ್ ಹೀಗೆ ಕೆಂಪೇರಿಸುವುದಿಲ್ಲ. ಪೆಲಾಗ್ರದ ಚಿಕಿತ್ಸೆಯಲ್ಲಿ ವೈದ್ಯರು ಅದನ್ನು ಆಯುವುದು ಇದೇ ಕಾರಣಕ್ಕೆ. ಕೆಂಪೇರುವ ಮುಖಕ್ಕೆ ಪರಿಹಾರ ಹುಡುಕುತ್ತ ‘ನಯಾಸಿನ್’ ಎಂದಷ್ಟೇ ಬರೆದ ಶೀಶೆಯನ್ನು ಕೊಳ್ಳುವವರು ತಮ್ಮ ತೊಂದರೆಯನ್ನೇ ಹೆಚ್ಚಿಸುವ ರೂಪವನ್ನು ಹಣ ಕೊಟ್ಟು ತರುವ ಸಾಧ್ಯತೆ ಚೆನ್ನಾಗಿಯೇ ಇದೆ.

ನಿಕೋಟಿನಮೈಡಿಗೆ ಚರ್ಮದ ವಿಷಯದಲ್ಲಿ ನಿಜವಾದ ಗೌರವವೂ ಸಿಕ್ಕಿದೆ. ಆಸ್ಟ್ರೇಲಿಯಾದಲ್ಲಿ ಈಗಾಗಲೇ ಚರ್ಮದ ಕ್ಯಾನ್ಸರ್ ಬಂದು ಹೋಗಿದ್ದ 386 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆರಡು ಸಲ 500 ಮಿಲಿಗ್ರಾಂ ಪಡೆದವರಲ್ಲಿ ಮೆಲನೋಮ ಅಲ್ಲದ ಹೊಸ ಕ್ಯಾನ್ಸರುಗಳು ಒಂದು ವರ್ಷದಲ್ಲಿ ಶೇ. 23ರಷ್ಟು ಕಡಿಮೆಯಾದವು, ಮಾತ್ರೆ ನಿಲ್ಲಿಸಿದ ಮೇಲೆ ಆ ಲಾಭ ಉಳಿಯಲಿಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಅದೇ ಮಾತ್ರೆಯಿಂದ ಅಂಥ ಪ್ರಯೋಜನ ಕಾಣಲಿಲ್ಲ. ಒಂದು ನಿರ್ದಿಷ್ಟ ರೂಪ, ನಿರ್ದಿಷ್ಟ ಪ್ರಮಾಣ, ನಿರ್ದಿಷ್ಟ ರೋಗಿಗಳು: ಈ ಮೂರರಲ್ಲಿ ಒಂದು ಬದಲಾದರೂ ಫಲ ಬದಲಾಗುತ್ತದೆ. ಬಿಳಿ ಚರ್ಮದವರು ಉಗ್ರ ಬಿಸಿಲಿಗೆ ಒಡ್ಡಿಕೊಳ್ಳುವ ದೇಶದಲ್ಲಿ, ಕ್ಯಾನ್ಸರ್ ಕಂಡವರಿಗೆ ಸಿಕ್ಕ ಫಲವನ್ನು ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿಯ ಮುಖದ ಕಾಂತಿಗೆ ಭರವಸೆಯಾಗಿ ಮಾರುವುದಕ್ಕೆ ವಿಜ್ಞಾನದ ಸಮ್ಮತಿಯಿಲ್ಲ. ಮೊಡವೆಯ ಮೇಲೆ ನಿಕೋಟಿನಮೈಡಿನ ಹಚ್ಚುವ ಮುಲಾಮು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆಂಬುದು ಬೇರೆ ಮಾತು. ಹಚ್ಚಿದಾಗ ಸಿಕ್ಕ ಗುಣ ನುಂಗಿದಾಗಲೂ ಸಿಗಲೇಬೇಕೆಂದಿಲ್ಲ.

ಮೂತ್ರದಲ್ಲಿ ಹೋಗಿಬಿಡುತ್ತದೆ ಎನ್ನುವವರು ಬಿ6ರ ಮುಂದೆ ನಿಂತು ಉತ್ತರ ಹೇಳಬೇಕು. ದಿನಕ್ಕೆ ಎರಡು ಮಿಲಿಗ್ರಾಂ ಆಸುಪಾಸಿನಲ್ಲಿ ಸಾಕಾಗುವ ಪಿರಿಡಾಕ್ಸಿನ್ ಅನ್ನು, ಅಂದರೆ ಬಿ6 ಅನ್ನು, ತಿಂಗಳುಗಟ್ಟಲೆ ಗ್ರಾಂಗಳಲ್ಲಿ ನುಂಗಿದ ಏಳು ಜನ ಕೈಕಾಲಿನ ಸ್ಪರ್ಶಜ್ಞಾನ ಕಳೆದುಕೊಂಡು ಸರಿಯಾಗಿ ನಡೆಯಲಾರದಂತಾದ ಸಂಗತಿ 1983ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಆಮೇಲಿನ ವರ್ಷಗಳಲ್ಲಿ ಇನ್ನೂ ಸಣ್ಣ ಪ್ರಮಾಣದಲ್ಲೂ ನರಗಳಿಗೆ ಹಾನಿಯಾದ ವರದಿಗಳು ಬಂದಿದ್ದರಿಂದ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ವಯಸ್ಕರ ದೈನಿಕ ಗರಿಷ್ಠ ಮಿತಿಯನ್ನು 12 ಮಿಲಿಗ್ರಾಮಿಗೆ ಇಳಿಸಿತು. ಕ್ಷಯಕ್ಕೆ ಐಸೋನಿಯಾಜಿಡ್ ಸೇವಿಸುವವರಿಗೆ ಇದೇ ಬಿ6 ಅನ್ನು ವೈದ್ಯರು ಬೇಕೆಂದೇ ಕೊಡುತ್ತಾರೆ, ಏಕೆಂದರೆ ಆ ಔಷಧ ಬಿ6ರ ಕೊರತೆಯನ್ನು ಉಂಟುಮಾಡಿ ನರಗಳನ್ನು ಕಾಡುತ್ತದೆ. ಒಂದೇ ವಸ್ತು ಕಡಿಮೆಯಾದರೂ ನರಕ್ಕೆ ಕೇಡು, ಅತಿಯಾದರೂ ನರಕ್ಕೆ ಕೇಡು. ಇದನ್ನು ತಿಳಿದೂ ಮೊಡವೆಗೆಂದು ಹೆಚ್ಚು ಪ್ರಮಾಣದ ಬಿ6 ಮಾತ್ರೆಯನ್ನು ಎಷ್ಟು ದಿನವೆಂದು ಹೇಳದೆ ಸೂಚಿಸುವುದು ಅಕ್ಷಮ್ಯ ಬೇಜವಾಬ್ದಾರಿ.

ಬಿ12ರ ವಿಷಯದಲ್ಲಿ ಪ್ರತಿವಾದಕ್ಕೆ ನಿಜವಾದ ಬಲವಿದೆ. ಸಸ್ಯಾಹಾರಿಗಳು ಹೆಚ್ಚಿರುವ ಭಾರತದಲ್ಲಿ ಇದರ ಕೊರತೆ ವ್ಯಾಪಕವಾಗಿದೆ, ಗೆಣ್ಣುಗಳ ಕಪ್ಪು ಚಿಕಿತ್ಸೆಯಿಂದ ತಿಳಿಯಾಗುತ್ತದೆ, ಚರ್ಮರೋಗ ತಜ್ಞರ ಬಳಿ ಹೋಗುವುದು ಹಳ್ಳಿಯ ಬಡವರಿಗೆ ದುಬಾರಿ, ಹಾಗಿರುವಾಗ ಅಗ್ಗದ ಬಿ ಕಾಂಪ್ಲೆಕ್ಸ್ ಮಾತ್ರೆಗೂ ಅಡ್ಡಿ ಹಾಕಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ದಿನದ ಅಗತ್ಯಕ್ಕೆ ಹತ್ತಿರವಿರುವ ಪ್ರಮಾಣದ ಮಾತ್ರೆಯ ವಿಷಯದಲ್ಲಿ ಈ ವಾದವನ್ನು ಪೂರ್ತಿ ಒಪ್ಪಬೇಕು. ಆದರೆ ಚುಚ್ಚುಮದ್ದಿನ ಬಿ12 ಕೆಲವರಲ್ಲಿ ಮೊಡವೆಯನ್ನೇ ಏಳಿಸುತ್ತದೆ. ಮೊಡವೆಯ ಸೂಕ್ಷ್ಮಜೀವಿಯ ನಡವಳಿಕೆಯನ್ನು ಅದು ಬದಲಿಸುವುದನ್ನು 2015ರ ಸಂಶೋಧನೆಯೊಂದು ತೋರಿಸಿದೆ. ಸಯನೋಕೋಬಾಲಮಿನ್, ಮೀಥೈಲ್‌ಕೋಬಾಲಮಿನ್ ಎಂಬ ರೂಪಗಳೆರಡೂ ಸಾಮಾನ್ಯ ಕೊರತೆಯನ್ನು ತುಂಬಬಲ್ಲವು, ಆದ್ದರಿಂದ ಎರಡನೆಯದಕ್ಕೆ ದುಪ್ಪಟ್ಟು ಬೆಲೆ ತೆರುವ ಅಗತ್ಯ ಹೆಚ್ಚಿನವರಿಗಿಲ್ಲ. ಬಿ ಗುಂಪಿನದೇ ಆದ ಫೋಲಿಕ್ ಆಮ್ಲವನ್ನು ಮಾತ್ರ ಹೆಚ್ಚಾಗಿ ನುಂಗಿದರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರದ ಹಾನಿ ಸದ್ದಿಲ್ಲದೆ ಮುಂದುವರಿಯಬಹುದು. ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಸೇವಿಸುವವರು ಫೋಲಿಕ್ ಆಮ್ಲವನ್ನು ಯಾವ ದಿನ ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಕೂದಲು, ಚರ್ಮ, ಉಗುರಿಗೆಂದು ಮಾರಾಟವಾಗುವ ಬಯೋಟಿನ್, ಅಂದರೆ ಬಿ7, ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಮಾರುಕಟ್ಟೆಯ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಇರುತ್ತದೆ. ಇದು ಚರ್ಮಕ್ಕೆ ನೇರ ಕೇಡು ಮಾಡುವುದಿಲ್ಲ, ಆದರೆ ಬಯೋಟಿನ್ ಆಧರಿಸಿದ ರಕ್ತಪರೀಕ್ಷೆಗಳನ್ನು ಕೆಡಿಸುತ್ತದೆ. ಥೈರಾಯ್ಡ್ ಫಲಿತಾಂಶ ತಪ್ಪಾಗಬಹುದು; ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಮಟ್ಟ ತಪ್ಪಾಗಿ ಕಡಿಮೆ ತೋರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ನೀಡಿದ ಎಚ್ಚರಿಕೆಯಲ್ಲಿ ಹೀಗೆ ತಪ್ಪಿದ ಫಲಿತಾಂಶದ ನಂತರ ಸಂಭವಿಸಿದ ಒಂದು ಸಾವನ್ನೂ ಹೇಳಿತ್ತು. ಜನ್ಮತಃ ಬಯೋಟಿನಿಡೇಸ್ ಕಿಣ್ವವಿಲ್ಲದ ಶಿಶುವಿಗೆ ಇದೇ ದೊಡ್ಡ ಪ್ರಮಾಣ ಜೀವದಾನ. ಆರೋಗ್ಯವಂತ ವಯಸ್ಕರಿಗೆ ಅದರಿಂದ ಕೂದಲು ದಟ್ಟವಾಗುತ್ತದೆಂಬ ಮಾತಿಗೆ ಗಟ್ಟಿ ಪುರಾವೆ ಇಲ್ಲ.

ಆದ್ದರಿಂದ ಚರ್ಮದ ತೊಂದರೆಗೆ ಬಿ ಮಾತ್ರೆ ಕೊಳ್ಳುವವರು ಶೀಶೆಯ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗದ ಪಟ್ಟಿಯಲ್ಲಿ ಜೀವಸತ್ವದ ಪೂರ್ಣ ಹೆಸರು, ರೂಪ, ಮಿಲಿಗ್ರಾಂ ಎಷ್ಟೆಂಬುದನ್ನು ಓದಬೇಕು. ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು, ಗರ್ಭಿಣಿಯರು, ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ದೊಡ್ಡ ಪ್ರಮಾಣಕ್ಕೆ ಕೈ ಹಾಕಬಾರದು. ಪಾದಗಳಲ್ಲಿ ಜೋಮು ಶುರುವಾದರೆ ಬಿ6 ಇರುವ ಮಾತ್ರೆಯನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ರಕ್ತಪರೀಕ್ಷೆಗೆ ಮುನ್ನ ತಾವು ಬಯೋಟಿನ್ ಸೇವಿಸುತ್ತಿರುವುದನ್ನು ಪ್ರಯೋಗಾಲಯದವರಿಗೆ ತಪ್ಪದೆ ತಿಳಿಸಬೇಕು.