ಕೋರ್ಟಿನ ಸುದ್ದಿ ಯಾರ ಮನೆಗೆ?

ಪೇಪರು ಬಿಡಿಸಿದರೆ ಕೋರ್ಟಿನ ಸುದ್ದಿಗೇನೂ ಬರವಿಲ್ಲ. ಇಷ್ಟು ಜಡ್ಜುಗಳ ವರ್ಗಾವಣೆ, ಅಲ್ಲೊಂದು ಹೊಸ ಕಟ್ಟಡ, ಇಲ್ಲೊಂದು ಲೋಕ ಅದಾಲತ್ತು, ಇಂಥ ದಿನದಿಂದ ಬೇಸಿಗೆ ರಜೆ. ದೀಪ ಹಚ್ಚಿದ್ದು, ಹಾರ ಹಾಕಿದ್ದು, ಫೋಟೋ ಸಮೇತ. ಓದುತ್ತೇವೆ. ಓದಿ ಕೇಳುತ್ತೇವೆ: ತೋಡಾರಿನಲ್ಲಿ ಬೀಡಿ ಕಟ್ಟಿ ಬದುಕುವ ನಮ್ಮ ಅಕ್ಕನ ಕೇಸು ಏನಾಯ್ತು ಅನ್ನೋ ಸುದ್ದಿ ಎಲ್ಲಿದೆ ಸ್ವಾಮೀ?

ಆ ಅಕ್ಕ ಒಬ್ಬಳಲ್ಲ. ಅದಕ್ಕೇ ಹೆಸರು ಹೇಳುತ್ತಿಲ್ಲ. ಜಾತಿ ಹಿಡಿದು ಬೈದರು, ಹೊಡೆದರು ಅಂತ ದೂರು ಕೊಟ್ಟ ಎಷ್ಟೋ ಜನರ ಪಾಡು ಇದು. ಮೂಡುಬಿದಿರೆಯಲ್ಲಿ ಕೋರ್ಟು ಇದೆ, ಸರಿ. ಆದರೆ ದೌರ್ಜನ್ಯದ ಕೇಸು ನಡೆಯುವುದು ಜಿಲ್ಲಾ ಕೇಂದ್ರದ ವಿಶೇಷ ನ್ಯಾಯಾಲಯದಲ್ಲಿ. ಬೆಳಿಗ್ಗೆ ಎದ್ದು, ಮಕ್ಕಳಿಗೆ ಗಂಜಿ ಇಟ್ಟು, ಮಿಜಾರು, ಎಡಪದವು, ಕೈಕಂಬ ದಾಟಿ ಬಸ್ಸಿನಲ್ಲಿ ನಿಂತೇ ಹೋಗಬೇಕು. ಆ ದಿನದ ಬೀಡಿ ಹೋಯ್ತು, ಮಜೂರಿ ಹೋಯ್ತು. ವರಾಂಡದಲ್ಲಿ ಮಧ್ಯಾಹ್ನದ ತನಕ ಕೂತ ಮೇಲೆ ಯಾರೋ ಒಬ್ಬ ಗುಮಾಸ್ತ ಹೇಳುತ್ತಾನೆ: "ಜಡ್ಜರಿಗೆ ವರ್ಗ ಆಯ್ತಲ್ಲ ಅಕ್ಕ, ಪೇಪರಲ್ಲಿ ಬಂದಿತ್ತು. ನೋಡ್ಲಿಲ್ವಾ?"

ನೋಡಲಿಲ್ಲ. ಬೀಡಿ ಎಲೆ ಕತ್ತರಿಸುತ್ತಿದ್ದಳು.

ಈಗ ಕಾನೂನು ಏನು ಹೇಳುತ್ತದೆ ನೋಡಿ. 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು. 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 15ಎ ಕಲಮು ನೊಂದವರಿಗೆ ಒಂದು ಹಕ್ಕು ಕೊಟ್ಟಿದೆ. ಜಾಮೀನಿನ ವಿಚಾರಣೆಯೂ ಸೇರಿ, ಕೋರ್ಟಿನಲ್ಲಿ ಕೇಸು ಯಾವಾಗ ಏನಾಗುತ್ತದೆ ಎಂಬ ಸರಿಯಾದ ಸುದ್ದಿ ಸಕಾಲದಲ್ಲಿ ಅವರಿಗೆ ಮುಟ್ಟಲೇಬೇಕು. ಮುಟ್ಟಿಸುವ ಹೊಣೆ ಸರ್ಕಾರದ್ದು, ಸರ್ಕಾರಿ ವಕೀಲರದ್ದು. ಇದು ಬರೀ ಶಾಸ್ತ್ರಕ್ಕೆ ಬರೆದ ಮಾತಲ್ಲ, ಕಡ್ಡಾಯ ಎಂದು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂದ ಮೇಲೆ ಸುದ್ದಿ ನಾವು ಬೇಡುವ ಭಿಕ್ಷೆಯಲ್ಲ, ಅವರು ತೀರಿಸಬೇಕಾದ ಸಾಲ.

ಮತ್ತೆ ಎಲ್ಲಿದೆ ಆ ಸುದ್ದಿ? "ಎಲ್ಲಾ ಕಂಪ್ಯೂಟರಿನಲ್ಲಿದೆ" ಎನ್ನುತ್ತಾರೆ. ಇದೆ ಮಾರಾಯ್ರೇ. 16 ಅಕ್ಷರ-ಅಂಕಿಯ ಸಿ.ಎನ್.ಆರ್. ನಂಬರು ಒತ್ತಿದರೆ ಬರುತ್ತದೆ. ಆ ನಂಬರು ಆಕೆಗೆ ಕೊಟ್ಟವರು ಯಾರು? ಹೈಕೋರ್ಟಿನ ತೀರ್ಪು ಬರುವುದು ಇಂಗ್ಲಿಷಿನಲ್ಲಿ. ಸಂವಿಧಾನದ 348ನೇ ವಿಧಿಯ ಕಟ್ಟು ಅದು. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲೊಂದು ತೀರ್ಪು ಕೊಟ್ಟಾಗ ಅದೇ ದೊಡ್ಡ ಸುದ್ದಿಯಾಯಿತು. ಸಂತೋಷವೇ. ಕನ್ನಡನಾಡಿನ ಕೋರ್ಟು ಕನ್ನಡ ಆಡಿದ್ದು ಸುದ್ದಿಯಾಗುತ್ತದೆ ಎಂದರೆ ನಾಚಿಕೆಯೂ ಹೌದು. ನಮ್ಮ ಕಡೆಯ ತುಳು ಆಡುವ ಬಾಯಿಗೆ ಕನ್ನಡವೇ ಶಾಲೆಯ ಭಾಷೆ. ಇನ್ನು ಇಂಗ್ಲಿಷಿನ ಮಾತೆಲ್ಲಿ?

ಸುದ್ದಿ ಮುಟ್ಟದಿದ್ದರೆ ಎಂತ ಆಗುತ್ತದೆ? ಸಾಕ್ಷಿ ಸಾಯುತ್ತದೆ. ಕಂಬಾಲಪಲ್ಲಿಯನ್ನು ಮರೆತಿರಾ? 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಕೆಳ ಕೋರ್ಟು ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದರು ಎಂದು ಬರೆದು ಕಡತ ಕಟ್ಟುವುದು ಸುಲಭ. ವರ್ಷಗಟ್ಟಲೆ ಅದೇ ಊರಲ್ಲಿ, ಅವರದೇ ಹೊಲದ ಕೂಲಿಗೆ ಹೋಗುತ್ತಾ, ಕೇಸು ಎಲ್ಲಿದೆ ಎಂದೇ ಗೊತ್ತಿಲ್ಲದೆ ಬದುಕಿದವನು ಕಟಕಟೆಗೆ ಬರುವಷ್ಟರಲ್ಲಿ ಅವನ ನಾಲಿಗೆಯಲ್ಲಿ ಎಷ್ಟು ಧೈರ್ಯ ಉಳಿದಿರಬೇಕು? ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಗುಡಿಸಲು ಸುಟ್ಟರು. 98 ಜನರಿಗೆ ಜೀವಾವಧಿ ಶಿಕ್ಷೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ದೇಶವೇ ಬೆರಗಾಯಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಚಾರ್ಜ್‌ಶೀಟು ಬಿದ್ದ ಎರಡು ತಿಂಗಳಲ್ಲಿ, ಆದಷ್ಟು ಮಟ್ಟಿಗೆ, ವಿಚಾರಣೆ ಮುಗಿಸಿ ಎನ್ನುತ್ತದೆ ಕಾಯ್ದೆ. ಇಲ್ಲಿ ಹತ್ತು ವರ್ಷ! "ಆದಷ್ಟು ಮಟ್ಟಿಗೆ" ಎಂಬ ಈ ಎರಡು ಪದಕ್ಕೆ ಎಂಥ ಹೊಟ್ಟೆ ಇದೆ ನೋಡಿ.

ಕರಾವಳಿಗೆ ಹೈಕೋರ್ಟು ಪೀಠ ಬೇಕೆಂಬ ಕೂಗು ಇದೆ. ಬರಲಿ, ಬೇಡ ಅನ್ನುವುದಿಲ್ಲ. ಧಾರವಾಡ, ಕಲಬುರಗಿಗೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಆದರೆ ಕರಿಕೋಟಿನವರಿಗೆ ದಾರಿ ಹತ್ತಿರವಾದ ಮಾತ್ರಕ್ಕೆ ಕೂಲಿಯವರಿಗೆ ಸುದ್ದಿ ಹತ್ತಿರವಾಗದು.

ನಮ್ಮವರನ್ನೂ ಬಿಡುವಂತಿಲ್ಲ. ಎಫ್.ಐ.ಆರ್. ಆಗುವ ತನಕ ಠಾಣೆ ಮುಂದೆ ಘೋಷಣೆ ಕೂಗುತ್ತೇವೆ, ಪತ್ರಿಕಾ ಹೇಳಿಕೆ ಕೊಡುತ್ತೇವೆ. ಆಮೇಲೆ ಆ ಅಕ್ಕ ಒಬ್ಬಳೇ ಬಸ್ಸು ಹತ್ತುತ್ತಾಳೆ. ಎಷ್ಟು ಸಂಘಟನೆಗಳ ಬಳಿ ತಮ್ಮೂರಿನ ಕೇಸುಗಳ ಮುಂದಿನ ವಾಯಿದೆ ಬರೆದಿಟ್ಟ ಒಂದು ನೋಟುಬುಕ್ಕಿದೆ?

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ತಮ್ಮ ತಂಗಿಯರೇ, ಆ ನೋಟುಬುಕ್ಕು ನೀವು ಶುರು ಮಾಡಿ. ಕೇಸಿನ ನಂಬರು ಕೇಳಿ ಬರೆದುಕೊಳ್ಳಿ. ಪ್ರತಿ ವಾಯಿದೆಯ ನೋಟೀಸು ಕನ್ನಡದಲ್ಲಿ, ಲಿಖಿತವಾಗಿ ಕೊಡಿ ಎಂದು 15ಎ ಕಲಮಿನ ಮೇಲೆ ಅರ್ಜಿ ಬರೆದುಕೊಡಿ, ಹೆಬ್ಬೆಟ್ಟಾದರೂ ಒತ್ತಿಸಿ. ಅದರ ಜೊತೆ ಇನ್ನೊಂದು ಅರ್ಜಿ: 1995ರ ನಿಯಮಗಳ 11ನೇ ನಿಯಮದಂತೆ ನೊಂದವರಿಗೂ ಸಾಕ್ಷಿಗಳಿಗೂ ಹೋಗಿಬರುವ ಬಸ್ ಚಾರ್ಜು, ಊಟದ ಖರ್ಚು, ಕೃಷಿ ಕೂಲಿಯ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ದಿನಭತ್ಯೆ ಕೊಡಬೇಕು. ಹೆಂಗಸರಿಗೆ ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕೂ ಇದೆ. ಮೂರು ದಿನದೊಳಗೆ ದುಡ್ಡು ಕೈ ಸೇರಬೇಕು. ಬಸ್ಸಿನ ಟಿಕೇಟು ಬಿಸಾಡಬೇಡಿ ಅಂತ ಅಕ್ಕನಿಗೆ ಹೇಳಿ.