ಪುಷ್ಪಕಗಳಿಗೆ ಜಕ್ಕೂರಿನಲ್ಲೊಂದು ನೆಲೆ

ಏರೋ ಇಂಡಿಯಾ ಬಂತೆಂದರೆ ಯಲಹಂಕ, ಹೆಬ್ಬಾಳದ ಜನ ಮಹಡಿ ಹತ್ತಿ ಆಕಾಶ ನೋಡುತ್ತಾರೆ. 1996ರಲ್ಲಿ ಶುರುವಾದ ಈ ಪ್ರದರ್ಶನದಲ್ಲಿ ಯುದ್ಧವಿಮಾನಗಳ ಅಬ್ಬರದ ನಡುವೆ ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನವೂ ಹಾರಿದ್ದುಂಟು. ವಾಯುಪಡೆಯ ವಿಂಟೇಜ್ ದಳಕ್ಕೆ ಸೇರಿದ ಆ ವಿಮಾನ ದುರಸ್ತಿಯಾದದ್ದು ಇಂಗ್ಲೆಂಡಿನಲ್ಲಿ. 2018ರಲ್ಲಿ ದಳ ಸೇರಿದ ‘ಪರಶುರಾಮ’ ಡಕೋಟಾ ಕೂಡ ಅಲ್ಲಿಂದಲೇ ಸಜ್ಜಾಗಿ ಬಂತು. ಈ ಕೆಲಸ ನಮ್ಮಲ್ಲೇ, ಜನರ ಕಣ್ಣೆದುರಿಗೇ ನಡೆಯಬೇಕು. ಅದಕ್ಕೆ ಲಾಭದ ಉದ್ದೇಶವಿಲ್ಲದ ಒಂದು ಪುಟ್ಟ ವಸ್ತುಸಂಗ್ರಹಾಲಯ ಬೇಕು, ಮತ್ತು ಅದಕ್ಕೆ ತಕ್ಕ ಜಾಗ ಜಕ್ಕೂರು.

ನಗರದಲ್ಲಿ 2001ರಿಂದ ಎಚ್‌ಎಎಲ್‌ನ ಪರಂಪರೆ ಕೇಂದ್ರ ಇದೆ. ಮಾರುತ, ಅಜೀತ್‌ಗಳನ್ನು ಮಕ್ಕಳು ಹತ್ತಿರದಿಂದ ನೋಡುವುದು ಅಲ್ಲೇ. ಆದರೆ ನಿಂತ ವಿಮಾನವನ್ನು ನೋಡುವುದು ಬೇರೆ, ಬಿಚ್ಚಿದ ವಿಮಾನವನ್ನು ಮತ್ತೆ ಜೋಡಿಸುವುದನ್ನು ನೋಡುವುದು ಬೇರೆ.

ಜೋಡಿಸಲು ನಮ್ಮದೇ ವಿಮಾನಗಳಿವೆ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಬೀದರ್‌ನ ವಾಯುನೆಲೆಯಲ್ಲಿ ಎಷ್ಟೋ ಪೈಲಟ್‌ಗಳಿಗೆ ಇದೇ ಮೊದಲ ಪಾಠಶಾಲೆ. 1958ರಲ್ಲಿ ಹಾರಿದ ಪುಷ್ಪಕವನ್ನು ಎಚ್‌ಎಎಲ್ ಕಟ್ಟಿದ್ದೇ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ. ಇಬ್ಬರು ಅಕ್ಕಪಕ್ಕ ಕೂರುವ, 90 ಅಶ್ವಶಕ್ತಿಯ ಎಂಜಿನ್ನಿನ ಪುಟ್ಟ ವಿಮಾನ ಅದು.

ಪುಷ್ಪಕದ ಮೈ ಉಕ್ಕಿನ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ. ಇಂಥ ವಿಮಾನದ ದುರಸ್ತಿ ಆ ಬಟ್ಟೆಯನ್ನು ಕತ್ತರಿಸಿ ತೆಗೆಯುವುದರಿಂದ ಶುರು. ಕೊಳವೆಗಳಿಗೆ ಒಳಗಿನಿಂದ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಹಿಡಿದ ಭಾಗವನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಒಳಗೆ ಅಗಸೆ ಎಣ್ಣೆ ಹರಿಸಿ ಬಸಿಯುವುದು ತುಕ್ಕು ತಡೆಯುವ ಹಳೆಯ ಪದ್ಧತಿ. ಆಮೇಲೆ ಹೊಸ ಬಟ್ಟೆ ಹೊದಿಸಿ, ರೆಕ್ಕೆಯ ಒಂದೊಂದು ಪಕ್ಕೆಲುಬಿಗೂ ಉದ್ದನೆಯ ಸೂಜಿಯಿಂದ ಹೊಲಿದು ಬಿಗಿಯುತ್ತಾರೆ. ಅದರ ಮೇಲೆ ಡೋಪ್ ಎಂಬ ದ್ರಾವಣವನ್ನು ಪದರ ಪದರವಾಗಿ ಬಳಿದರೆ, ಒಣಗುತ್ತಾ ಬಟ್ಟೆ ಮದ್ದಳೆಯ ಚರ್ಮದಂತೆ ಬಿಗಿಯಾಗುತ್ತದೆ. ಹೊಲಿಗೆ ಸಡಿಲವಾದರೆ ಹಾರುವಾಗ ಬಟ್ಟೆ ಮೇಲೆದ್ದು ರೆಕ್ಕೆಯ ಆಕಾರವೇ ಕೆಡುತ್ತದೆ. ಎಷ್ಟು ಬಿಗಿದರೆ ಸಾಕು ಎಂಬುದು ಪುಸ್ತಕದಲ್ಲಿ ಓದಿದರೆ ಬರುವುದಿಲ್ಲ. ಬಲ್ಲವರ ಪಕ್ಕ ನಿಂತು ಕಲಿಯಬೇಕು.

ದುರಸ್ತಿಯಾದದ್ದೆಲ್ಲ ಹಾರಲೇಬೇಕೆ? ಬೇಕಿಲ್ಲ. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಲಾಭರಹಿತ ಸಂಸ್ಥೆ. ಹಿಂದೆ ಭಾರತೀಯ ವಾಯುಪಡೆಯಲ್ಲಿದ್ದ ಲಿಬರೇಟರ್ ಬಾಂಬರ್ ಒಂದನ್ನು ಅದು 1989ರಲ್ಲಿ ಮತ್ತೆ ಹಾರಿಸಿತು. ಅದೇ ಸಂಸ್ಥೆಯ ಬಿ-17 ವಿಮಾನ 2019ರ ಅಕ್ಟೋಬರ್‌ನಲ್ಲಿ ಪ್ರಯಾಣಿಕರ ಸಮೇತ ಅಪಘಾತಕ್ಕೀಡಾಗಿ ಏಳು ಮಂದಿ ಸತ್ತರು. ಹಾರಾಟಕ್ಕೆ ಡಿಜಿಸಿಎ ಅನುಮತಿ, ಪ್ರತಿ ಬಿಡಿಭಾಗದ ದಾಖಲೆ, ನಿರಂತರ ತಪಾಸಣೆ ಎಲ್ಲವೂ ಬೇಕು. ಖರ್ಚು ನಿಲ್ಲುವುದೇ ಇಲ್ಲ. ಸಣ್ಣ ಸಂಸ್ಥೆ ಮೊದಲು ನೆಲದ ಮೇಲಿನ ಸಂರಕ್ಷಣೆಯಲ್ಲಿ ಪಳಗುವುದೇ ಸರಿ. ಅದೂ ಸುಲಭವಲ್ಲ. ಹಳೆಯ ಮೀಟರ್‌ಗಳ ಹೊಳೆಯುವ ಮುಳ್ಳುಗಳಲ್ಲಿ ರೇಡಿಯಂ ಇರಬಹುದು. ಗಾಳಿಯ ವೇಗ ಅಳೆಯುವ ಕೊಳವೆಯಲ್ಲಿ ಕಣಜ ಗೂಡು ಕಟ್ಟುತ್ತದೆ. ಬಯಲಲ್ಲಿ ಬಿಟ್ಟರೆ ಬಿಸಿಲು ಬಟ್ಟೆಯನ್ನು, ಮಳೆ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಮೊದಲ ಅಗತ್ಯ ಒಂದು ಸೂರು.

ಇಂಗ್ಲೆಂಡಿನ ಓಲ್ಡ್ ವಾರ್ಡನ್ ಎಂಬ ಹಳ್ಳಿಯಲ್ಲಿ ಶಟಲ್‌ವರ್ತ್ ಸಂಗ್ರಹ ಇದೆ. 1940ರಲ್ಲಿ ವಿಮಾನ ದುರಂತದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಅವನ ನೆನಪಿಗೆ ಕಟ್ಟಿದ ಟ್ರಸ್ಟ್ ಅದನ್ನು ಉಳಿಸಿತು. 1909ರ ಬ್ಲೇರಿಯೋ ವಿಮಾನವನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿದ್ದಾರೆ. ಅದಕ್ಕೆ ಸ್ವಯಂಸೇವಕರ ಬಲವೂ ಇದೆ.

ಆ ಬಲ ಉತ್ತರ ಬೆಂಗಳೂರಿನಲ್ಲಿ ಬೇಕಾದಷ್ಟಿದೆ. ವಾಯುಪಡೆ, ಎಚ್‌ಎಎಲ್, ಎನ್‌ಎಎಲ್‌ಗಳಿಂದ ನಿವೃತ್ತರಾದ ತಂತ್ರಜ್ಞರು ಸುತ್ತಲಿನ ಬಡಾವಣೆಗಳಲ್ಲಿದ್ದಾರೆ. ಕಲಿಯಲು ಎಂಜಿನಿಯರಿಂಗ್, ಐಟಿಐ ವಿದ್ಯಾರ್ಥಿಗಳಿದ್ದಾರೆ. ಹಣದ ದಾರಿಯೂ ಮುಚ್ಚಿಲ್ಲ: ಕಂಪನಿಗಳು ಸಿಎಸ್‌ಆರ್ ಹಣ ಖರ್ಚು ಮಾಡಬಹುದಾದ ಬಾಬತ್ತುಗಳಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆಯೂ ಸೇರಿದೆ. ಜಾಗದ ಮಾತು ಸರ್ಕಾರದ್ದು. ಜಕ್ಕೂರಿನ ವೈಮಾನಿಕ ತರಬೇತಿ ಶಾಲೆ ರಾಜ್ಯ ಸರ್ಕಾರದ್ದೇ. ಬಳ್ಳಾರಿ ರಸ್ತೆಯ ಮೇಲ್ಸೇತುವೆಯಿಂದ ಅಲ್ಲಿನ ಹಾರಾಟಕ್ಕೆ ಅಡಚಣೆಯಾಗಿರಬಹುದು, ಆದರೆ ರೆಕ್ಕೆ ಹೊಲಿಯಲು ರನ್‌ವೇ ಬೇಕಿಲ್ಲ.

ಒಂದು ಶೆಡ್ಡು, ಕಳಚಿಟ್ಟ ಒಂದು ಪುಷ್ಪಕ, ಶನಿವಾರ ಭಾನುವಾರ ತೆರೆದ ಬಾಗಿಲು: ಇಷ್ಟರಿಂದ ಶುರು ಮಾಡಬಹುದು. ಲೋಹ ಇನ್ನೂ ಹತ್ತು ವರ್ಷ ಕಾಯಬಹುದು. ಎಪ್ಪತ್ತು ದಾಟಿದ ಮೆಕ್ಯಾನಿಕ್‌ಗಳು ಕಾಯುವಂತಿಲ್ಲ. ಅವರು ಹೇಳಿಕೊಡುವಷ್ಟು ಗಟ್ಟಿಯಾಗಿರುವಾಗಲೇ ಸರ್ಕಾರ ಆ ಶೆಡ್ಡು ಕೊಡಲಿ.